ಗೆಳೆಯನ ಮದುವೆಯ ಕರೆಯೋಲೆ

ಮನೆಯಲ್ಲಿ ಕಲ್ಯಾಣಕಾರ್ಯವು ನಿಶ್ಚಯವಾದೊಡನೆ ಹೊರಬೀಳುವ ಮೊದಲ ಮಾತೇ ಕರೆಯೋಲೆ. ಮೂಲೆಗಳಿಗೆ ಅರಿಸಿನ ಹಚ್ಚಿ, ಅಕ್ಷತೆಯೊಡನೆ ಅದನ್ನು ಬಂಧುಗಳ ಕೈಯಲ್ಲಿಡುವ ವಾಡಿಕೆಯು ಕನ್ನಡ ನಾಡಿನಲ್ಲಿ ಇಂದಿಗೂ ಅಳಿದಿಲ್ಲ. ಈಚೆಗೆ ಅಂಗಡಿಯ ಸಿದ್ಧಪತ್ರಿಕೆಗಳನ್ನು ಬಿಟ್ಟು, ಕುಶಲನಾದ ಗೆಳೆಯನೊಬ್ಬನು ಗಣಕಯಂತ್ರದ ಮುಂದೆ ಕುಳಿತು, ವಧೂವರರಿಗೆ ಒಪ್ಪುವ ಭಾವವೊಂದನ್ನು ಹಿಡಿದು ಓಲೆಯನ್ನು ತಾನೇ ರಚಿಸಿಕೊಡುವುದುಂಟು. ಪ್ರತಿಫಲವನ್ನು ಬಯಸದೆ ಮಾಡಿದ ಈ ದುಡಿಮೆಯು ದಾಸೋಹಕ್ಕೆ ಸಮೀಪವಾದುದು. ಆದರೆ ದಾಸೋಹಕ್ಕೂ ಎಚ್ಚರವು ಬೇಕು.

ಭಾವವನ್ನು ಆರಿಸುವಲ್ಲಿ ದೂರ ಹೋಗಬೇಕಾಗಿಲ್ಲ. ನೇಯ್ಗೆಯ ಮನೆತನದ ವರನಿಗೆ ದೇವರ ದಾಸಿಮಯ್ಯ ಮತ್ತು ದುಗ್ಗಳೆಯರ ಮಗ್ಗವೇ ಸಾಲದೆ? ಇಳಕಲ್ಲ ಸೀರೆಯ ಅಂಚನ್ನು ಓಲೆಯ ಅಂಚಾಗಿಸಿ, ನಡುವೆ ಒಂದು ಲಾಳಿಯನ್ನು ಬರೆದರೆ, ನೋಡಿದವರಿಗೆ ಮನೆಯ ಕಾಯಕವೂ ತಿಳಿಯುವುದು, ಶರಣದಂಪತಿಗಳ ನೆನಪೂ ಆಗುವುದು. ಅರಮನೆ, ಆನೆ, ಅಂಬಾರಿಗಳನ್ನು ಬಂಗಾರದ ಬಣ್ಣದಲ್ಲಿ ತುಂಬುವುದು ಈಗಿನ ಬಗೆ. ಒಕ್ಕಲುತನದ ಮನೆಗೆ ಅಂಬಾರಿ ಎಲ್ಲಿಂದ ಬಂದೀತು?

ವಚನವನ್ನು ಅಚ್ಚಿಸುವಲ್ಲಿಯೇ ಹೆಚ್ಚಿನ ಪ್ರಮಾದಗಳು ನಡೆಯುತ್ತವೆ. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಹಾಡಿದ ವಚನಗಳು ಕಿವಿಗೆ ಇಂಪಾಗಿವೆಯೆಂದು ಮದುವೆಯ ಓಲೆಯಲ್ಲಿ ಸೇರಿಸುವವರಿದ್ದಾರೆ. ಲೋಕದ ಗಂಡರನ್ನು ನಿರಾಕರಿಸಿ ಹೊರಟ ಮಹಾತಾಯಿಯ ಮಾತನ್ನು ಲೋಕದ ಗಂಡನ ಹೆಸರಿನ ಮೇಲೆ ಕೂಡಿಸುವುದು ಎಂತಹ ವಿಪರ್ಯಾಸ! ಅರ್ಥವನ್ನು ತಿಳಿಯದೆ ಅಲಂಕಾರಕ್ಕೆ ಬಳಸಿದ ವಚನವು ವಚನವಾಗಿ ಉಳಿಯದು. ಅಂಕಿತವನ್ನೂ ಪರೀಕ್ಷಿಸಬೇಕು. ಕೂಡಲಸಂಗಮದೇವನು ಬಸವಣ್ಣನವರ ಅಂಕಿತ, ಕೂಡಲಚೆನ್ನಸಂಗಮದೇವನು ಚೆನ್ನಬಸವಣ್ಣನವರದು, ಗುಹೇಶ್ವರನು ಅಲ್ಲಮಪ್ರಭುದೇವರದು, ರಾಮನಾಥನು ದಾಸಿಮಯ್ಯನವರದು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಆ ಶ್ರಮದಿಂದ ಉಳಿದ ಮಾತುಗಳು ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟುವಾಗ ಕರ್ತೃವನ್ನೂ ಕಾಗುಣಿತವನ್ನೂ ಕಳೆದುಕೊಳ್ಳುತ್ತಿವೆ. ಹಳೆಯ ಲಿಪಿತಂತ್ರದಿಂದ ಹೊಸದಕ್ಕೆ ಬದಲಿಸುವಾಗ ಒತ್ತಕ್ಷರಗಳು ಚೆದುರುವುದೂ ಉಂಟು. ಆದುದರಿಂದ ಅಚ್ಚಿಗೆ ಹೋಗುವ ಮುನ್ನ ಮುದ್ರಿತ ಸಂಪುಟವನ್ನು ತೆರೆದು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡುವುದು ಗೆಳೆಯನ ಹೊಣೆ.

ಇನ್ನು ಇಷ್ಟಲಿಂಗದ ಚಿತ್ರ. ಕರಸ್ಥಲದಲ್ಲಿ ಪೂಜೆಗೊಳ್ಳುವ ಲಿಂಗವು ಕಾಗದದ ಮೇಲೆ ಬಂದು, ಮದುವೆಯಾದ ಮರುದಿನ ಕಲ್ಯಾಣಮಂಟಪದ ಕುರ್ಚಿಗಳ ಕೆಳಗೆ ತುಳಿತಕ್ಕೆ ಸಿಕ್ಕುವುದನ್ನು ಕಂಡವರು ಬಲ್ಲರು. ಗುರುನಾಮವನ್ನು ಮೇಲೆ ಅಚ್ಚಿಸುವುದಿಲ್ಲವೇ, ಅದಕ್ಕಿಲ್ಲದ ದೋಷ ಇದಕ್ಕೇಕೆ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಹಿರಿಯರು ನಾಮವನ್ನು ಒಂದೇ ಒಂದು ಸಾಲಿಗೆ ನಿಲ್ಲಿಸಿದರು. ಅಂತಹ ಓಲೆಯನ್ನು ಅನೇಕ ಮನೆಗಳಲ್ಲಿ ಜೋಪಾನವಾಗಿ ತೆಗೆದಿಡುತ್ತಿದ್ದರು. ಸಾವಿರ ಪ್ರತಿಗಳನ್ನು ಹಂಚಿ ಸಾವಿರವನ್ನೂ ಎಸೆಯುವ ಕಾಲದಲ್ಲಿ ಆ ಒಂದು ಸಾಲಿಗೆ ಮೀರಿ ಹೋಗದಿರುವುದೇ ಲೇಸು.

ಸಾವಿರ ಪ್ರತಿಗಳಾದರೂ ಏತಕ್ಕೆ? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರೆಂಬುದು ಪ್ರಸಿದ್ಧ ಕಥೆ. ಕಾಗದಕ್ಕೂ ಆ ಅಳತೆಯೇ ಸಲ್ಲುತ್ತದೆ. 210 ಮತ್ತು 297 ಮಿಲಿಮೀಟರಿನ ಎ4 ಹಾಳೆಯೊಂದರಲ್ಲಿ ಎರಡು ಓಲೆಗಳು ಸಲೀಸಾಗಿ ಬರುತ್ತವೆ; ಅಂಚಿನ ಚಿತ್ರವನ್ನು ಕತ್ತರಿಯ ಗೆರೆಯಿಂದ ಒಳಗಿಟ್ಟರೆ ಒಂದು ಹಾಳೆಯೂ ಕೆಡದು. ದೂರದೂರಿನ ಪರಿಚಿತರಿಗೆ ಅದೇ ಓಲೆಯು ಮೊಬೈಲಿನಲ್ಲಿ ಹೋಗಬಹುದು. ಅಜ್ಜಅಜ್ಜಿಯರಿಗೆ, ಸೋದರಮಾವಂದಿರಿಗೆ, ಮಠಕ್ಕೆ ಕೈಯಾರೆ ಒಪ್ಪಿಸುವಷ್ಟು ಪ್ರತಿಗಳು ಸಾಕು. ಕರಡನ್ನು ಎರಡೂ ಮನೆಯ ಹಿರಿಯರು ಓದಿ, ಹೆಸರು, ತಿಥಿ, ವೇಳೆಗಳನ್ನು ತಿದ್ದಿಕೊಟ್ಟ ಮೇಲೆಯೇ ಅದು ಮುದ್ರಣಾಲಯಕ್ಕೆ ಹೋಗಲಿ. ಅರಿಸಿನ ಹಚ್ಚುವ ಕೆಲಸಕ್ಕೆ ಮನೆಯ ಮಕ್ಕಳಿದ್ದಾರೆ.