ಯಾರ ಮನೆಯ ಸದ್ದು?

ಕರಾವಳಿಯಲ್ಲಿ ಮದುವೆಯ ಮುನ್ನಾದಿನ ಮೆಹೆಂದಿ ಮಾಡದ ಮನೆ ಈಗ ಕಡಿಮೆ. ರಾತ್ರಿ ಹತ್ತು ಕಳೆದರೂ ಡೀಜೆ ನಿಲ್ಲುವುದಿಲ್ಲ. ನೆರೆಯವರು ಗೊಣಗುತ್ತಾರೆ, ಪೊಲೀಸರು ಬಂದರೆ ಸೌಂಡ್ ಕಡಿಮೆ ಮಾಡಿಸಿ ಹೋಗುತ್ತಾರೆ. 2021ರ ಡಿಸೆಂಬರ್ 27ರ ರಾತ್ರಿ ಉಡುಪಿ ಜಿಲ್ಲೆಯ ಕೋಟತಟ್ಟಿನ ಆದಿವಾಸಿ ಕೊರಗರ ಕಾಲೊನಿಯಲ್ಲೂ ಮೆಹೆಂದಿ ಇತ್ತು. ಅಲ್ಲಿ ಬಿದ್ದದ್ದು ಲಾಠಿ ಏಟು. ಸುದ್ದಿಯಾದ ಮೇಲೆ ಎಸ್‌ಐ ಅಮಾನತಾದರು. ಕೆಲವೇ ದಿನಗಳಲ್ಲಿ ಏಟು ತಿಂದ ಕಡೆಯವರ ಮೇಲೆಯೇ ಕೇಸು ಬಿತ್ತು. ಮತ್ತೆ ಗದ್ದಲವೆದ್ದು ತನಿಖೆ ಸಿಐಡಿಗೆ ಹೋಯಿತು.

ಹಿಂದೆ ಇದೇ ಕೊರಗರನ್ನು ಕಂಬಳದ ಮುನ್ನಾ ರಾತ್ರಿ ಇಬ್ಬನಿಯಲ್ಲಿ ಕೂರಿಸಿ, ಬೆಳಗಾಗುವವರೆಗೆ ಡೋಲು ಬಡಿಸುತ್ತಿದ್ದರು. ಆ ಸದ್ದಿಗೆ ಊರಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ನಮ್ಮ ರೋಗ ಅವರಿಗೆ ದಾಟಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಕಾಯ್ದೆ ಬಂದರೂ ಕಾಲೊನಿಯತ್ತ ನೋಡುವ ಕಣ್ಣು ಹಳೆಯದೇ.

ಇಂಥ ಕಣ್ಣು ಕೋರ್ಟಿನೊಳಕ್ಕೂ ಹೋಗಿ ಕೂರುತ್ತದೆ. 1931ರಲ್ಲಿ ಅಮೆರಿಕದ ಅಲಬಾಮದಲ್ಲಿ, ರೈಲಿನಲ್ಲಿ ಅತ್ಯಾಚಾರ ಮಾಡಿದರೆಂಬ ಸುಳ್ಳು ಆರೋಪಕ್ಕೆ ಎಂಟು ಮಂದಿ ಕಪ್ಪು ಹುಡುಗರಿಗೆ ಮರಣದಂಡನೆ ವಿಧಿಸಲಾಯಿತು. ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯರು, ವಿಚಾರಣೆ ಕೆಲವೇ ದಿನಗಳದ್ದು. ಮರಣದಂಡನೆ ತಪ್ಪಿತು, ಜೈಲು ತಪ್ಪಲಿಲ್ಲ. ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ಸತ್ತ ಮೇಲೆ.

ಪೂರ್ವಗ್ರಹ ಅಪರಾಧಿಯನ್ನು ಮೊದಲೇ ಗೊತ್ತುಮಾಡಿಬಿಟ್ಟರೆ, ಭಯ ಸಾಕ್ಷಿಯ ಬಾಯಿ ಕಟ್ಟುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಿನಲ್ಲೂ ಅದೇ ತೀರ್ಪು. ಏಳು ಹೆಣಗಳಿದ್ದವು, ಕಾನೂನಿನ ಲೆಕ್ಕದಲ್ಲಿ ಕೊಂದವರು ಮಾತ್ರ ಯಾರೂ ಇರಲಿಲ್ಲ.

ನ್ಯಾಯ ಕೆಡಲು ಶುರುವಾಗುವುದು ಕೋರ್ಟಿನ ಮೆಟ್ಟಿಲಲ್ಲಲ್ಲ, ನಮ್ಮ ಜಗಲಿಯಲ್ಲಿ. ಮುಂದಿನ ಸಲ ಯಾವುದೋ ಕಾಲೊನಿಯಿಂದ ಡೀಜೆ ಕೇಳಿಸಿ ಕೈ ಫೋನಿನತ್ತ ಹೋದರೆ ಒಂದು ಗಳಿಗೆ ತಡೆಯಿರಿ. ಇದೇ ಸದ್ದು ಪಕ್ಕದ ಬಂಗಲೆಯಿಂದ ಬಂದಿದ್ದರೆ ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದಿರಾ?