ಪ್ರಶ್ನೆ ನಿಂತಲ್ಲಿ ಗುರು

ಬೇಕಾದ ವಿಷಯವೆಲ್ಲ ಮೊಬೈಲಿನಲ್ಲೇ ಸಿಗುವಾಗ ಗುರುವಿನಿಂದ ಆಗಬೇಕಾದ್ದೇನು ಎಂಬ ಪ್ರಶ್ನೆ ಈ ಕಾಲದ್ದೆಂದು ತೋರಿದರೂ, ಅದರ ತಿರುಳನ್ನು ಛಾಂದೋಗ್ಯ ಉಪನಿಷತ್ತಿನ 7ನೆಯ ಅಧ್ಯಾಯ ಬಹು ಹಿಂದೆಯೇ ಮುಟ್ಟಿದೆ. ಅಲ್ಲಿ ಸನತ್ಕುಮಾರನ ಬಳಿಗೆ ಬರುವ ನಾರದನು ಏನೂ ತಿಳಿಯದ ವಟುವಲ್ಲ. ಬಲ್ಲದ್ದನ್ನು ಮೊದಲು ಹೇಳೆಂದಾಗ ನಾಲ್ಕು ವೇದ, ಇತಿಹಾಸ-ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ ಎಂದು ಉದ್ದನೆಯ ಪಟ್ಟಿಯನ್ನೇ ಒಪ್ಪಿಸಿ, ಇಷ್ಟಾದರೂ ತಾನು ಮಂತ್ರಗಳನ್ನು ಬಲ್ಲವನೇ ಹೊರತು ಆತ್ಮವನ್ನು ಅರಿತವನಲ್ಲ, ಶೋಕ ಕಳೆದಿಲ್ಲ ಎನ್ನುತ್ತಾನೆ. ಆ ಕಲಿಕೆಯೆಲ್ಲ ಬರಿಯ ನಾಮ, ಅಂದರೆ ಹೆಸರುಗಳ ಮೊತ್ತ, ಎಂಬುದು ಗುರುವಿನ ಉತ್ತರ. ಉಪನ್ಯಾಸಗಳಲ್ಲಿ ಉದಾಹರಣೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಶಿಕ್ಷಣದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಮುಂದಿನ ಭಾಗ.

ನಾಮಕ್ಕಿಂತ ಹಿರಿದಾದದ್ದು ಇದೆಯೇ ಎಂದು ನಾರದನು ಕೇಳುತ್ತಾನೆ. ವಾಕ್ಕು ಎಂಬ ಉತ್ತರ ಬಂದರೆ ಅದಕ್ಕಿಂತ ಹಿರಿದು ಯಾವುದೆನ್ನುತ್ತಾನೆ. ಹೀಗೆ ಮನಸ್ಸು, ಸಂಕಲ್ಪ, ಅನ್ನ, ಆಕಾಶ, ಆಶೆ ಮೊದಲಾದವನ್ನು ದಾಟಿ ಉಪದೇಶವು 15ನೆಯ ಮೆಟ್ಟಿಲಾದ ಪ್ರಾಣವನ್ನು ಮುಟ್ಟಿದಾಗ ಅವನ ಪ್ರಶ್ನೆ ನಿಂತುಹೋಗುತ್ತದೆ. ಪ್ರಾಣವನ್ನರಿತವನು ಅತಿವಾದಿ, ಎಂದರೆ ಉಳಿದೆಲ್ಲವನ್ನೂ ಮೀರಿದ್ದನ್ನು ನುಡಿಯಬಲ್ಲವನು, ಎಂದು ಕೇಳಿದ ಮೇಲೆ ಅವನಿಗೆ ಸಾಕೆನಿಸುತ್ತದೆ. ಈ ಮೌನವನ್ನು ಶಂಕರಾಚಾರ್ಯರ ಭಾಷ್ಯ ತಪ್ಪದೆ ಗುರುತಿಸಿದೆ. ಬ್ರಹ್ಮಸೂತ್ರದ ಭೂಮಾಧಿಕರಣದ ಅವರ ಭಾಷ್ಯದಲ್ಲಿ (ಅಧಿಕರಣವೆಂದರೆ ಒಂದೇ ವಿಷಯವನ್ನು ಕುರಿತ ವಿಚಾರಭಾಗ) ಇದೇ ವಾದದ ವಸ್ತು: ಮುಂದೆ ಪ್ರಶ್ನೆಯಿಲ್ಲವಾದ್ದರಿಂದ ಪ್ರಾಣವೇ ಕೊನೆಯೆಂದು ಪೂರ್ವಪಕ್ಷ, ಶಿಷ್ಯನು ಕೇಳದಿದ್ದರೂ ಗುರುವೇ ಮುಂದಕ್ಕೊಯ್ದಿದ್ದಾನೆಂದು ಸಿದ್ಧಾಂತ.

ಒಯ್ದ ಬಗೆಯೂ ಗಮನಾರ್ಹ. ಸತ್ಯದ ಬಲದಿಂದ ನುಡಿಯುವವನೇ ನಿಜವಾದ ಅತಿವಾದಿ ಎಂಬ ಒಂದೇ ಮಾತಿನಿಂದ ಸನತ್ಕುಮಾರನು ಆ ತೃಪ್ತಿಯನ್ನು ಕದಡುತ್ತಾನೆ. ಅಲ್ಲಿಂದಾಚೆಗೆ ಏನನ್ನು ತಿಳಿಯಬಯಸಬೇಕೆಂಬುದನ್ನು ಒಂದೊಂದಾಗಿ ತಾನೇ ತೋರಿಸುತ್ತ, ಭೂಮಾ ಎಂಬ ಅನಂತದವರೆಗೆ ಶಿಷ್ಯನನ್ನು ನಡೆಸುತ್ತಾನೆ.

ಶೋಧಯಂತ್ರವಾಗಲಿ ಕೃತಕ ಬುದ್ಧಿಮತ್ತೆಯಾಗಲಿ ಕೇಳಿದ್ದಕ್ಕೆ ಉತ್ತರಿಸುತ್ತದೆ; ಮುಂದಿನ ಪ್ರಶ್ನೆಯನ್ನು ಸೂಚಿಸುವುದೂ ಉಂಟು, ಆದರೆ ಆ ಸೂಚನೆ ಬಹುಮಟ್ಟಿಗೆ ಕೇಳಿದ್ದರ ಜಾಡಿನಲ್ಲೇ ಇರುತ್ತದೆ, ಸಾಕೆಂದು ಸುಮ್ಮನಾದವನನ್ನಂತೂ ಅದು ಹುಡುಕಿಕೊಂಡು ಬರುವುದಿಲ್ಲ. ಪಾಠ ಒಪ್ಪಿಸುವ ಕೆಲಸ ಯಂತ್ರದ ಪಾಲಾದರೆ ಅಧ್ಯಾಪಕರು ಕೊರಗಬೇಕಾಗಿಲ್ಲ. ವಿದ್ಯಾರ್ಥಿಯ ಪ್ರಶ್ನೆ ಎಲ್ಲಿ, ಯಾವ ತೃಪ್ತಿಯಿಂದ ನಿಂತಿತೆಂದು ಕಾಣಲು ಅವನನ್ನು ಹತ್ತಿರದಿಂದ ಬಲ್ಲವರು ಬೇಕು. ಕಿಕ್ಕಿರಿದ ತರಗತಿಯಲ್ಲಿ, ಪ್ರಶ್ನೆಗಳೆಲ್ಲ ಪ್ರಶ್ನೆಪತ್ರಿಕೆಯಿಂದಲೇ ಬರುವ ವ್ಯವಸ್ಥೆಯಲ್ಲಿ, ಅದಕ್ಕೆ ಎಡೆಯಿಲ್ಲ. ಶಾಲೆಗಳಿಗೆ ಇನ್ನಷ್ಟು ಟ್ಯಾಬ್‌ಗಳನ್ನು ಹಂಚುವ ಮೊದಲು ಶಿಕ್ಷಣ ಇಲಾಖೆಗಳು ಒದಗಿಸಬೇಕಾದದ್ದು ಈ ಎಡೆಯನ್ನು.