ಶರಣಾದವರ ಸ್ವಾತಂತ್ರ್ಯ

ದೇವರಿಗೆ ಪೂರ್ತಿಯಾಗಿ ಶರಣಾದ ಮನುಷ್ಯನಿಗೆ ತನ್ನದೆನ್ನುವ ನಿರ್ಧಾರ ಉಳಿಯುತ್ತದೆಯೇ ಎಂಬುದು ಭಕ್ತಿಪಂಥಗಳೆಲ್ಲ ಎದುರಿಸಿದ ಪ್ರಶ್ನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣರು ಇದಕ್ಕೆ ಕೊಟ್ಟ ಉತ್ತರ ನೇರವಾಗಿದೆ: ದೇವರಿಗೆ ಶರಣಾದವರು ಬೇರೆ ಯಾರ ಅಧೀನವೂ ಅಲ್ಲ. ಗಂಡ, ಒಡೆಯ, ಅರಸ, ಪುರೋಹಿತ, ಕೊನೆಗೆ ಗುರು, ಇವರಲ್ಲಿ ಯಾರ ಮಾತು ಎಲ್ಲಿಯವರೆಗೆ ನಡೆಯಬೇಕು ಎಂಬುದನ್ನು ಅವರು ಮನೆಯೊಳಗೆ, ದುಡಿಮೆಯ ಜಾಗದಲ್ಲಿ, ಗೋಷ್ಠಿಯ ಮಾತುಕತೆಯಲ್ಲಿ ಒಂದೊಂದಾಗಿ ಇತ್ಯರ್ಥ ಮಾಡಿಕೊಂಡರು. ಅವರ ವಿಚಾರ ವಚನಗಳಲ್ಲಿ ಸಿಗುತ್ತದೆ. ಬದುಕಿನ ವಿವರಗಳು ಬಹುಮಟ್ಟಿಗೆ ಹರಿಹರನ ರಗಳೆಗಳು, ಹದಿನೈದನೆಯ ಶತಮಾನದಿಂದ ರೂಪುಗೊಂಡ ಶೂನ್ಯಸಂಪಾದನೆಗಳು ಮೊದಲಾದ ನಂತರದ ಕೃತಿಗಳಿಂದ ಬಂದವು. ಅವುಗಳಲ್ಲಿನ ಕಥೆಗಳನ್ನು ಇತಿಹಾಸದ ದಾಖಲೆ ಎನ್ನುವುದಕ್ಕಿಂತ, ಒಂದು ಸಮುದಾಯ ತಾನು ಯಾವುದನ್ನು ಬೆಲೆಯುಳ್ಳದ್ದೆಂದು ನೆನಪಿಟ್ಟುಕೊಂಡಿತು ಎಂಬುದರ ಸಾಕ್ಷ್ಯ ಎಂದು ಓದುವುದು ಸರಿ.

ಈ ಉತ್ತರದ ಬುಡದಲ್ಲಿರುವುದು ಇಷ್ಟಲಿಂಗ. ಗುಡಿಯಲ್ಲಿ ದೇವರು ಗರ್ಭಗೃಹದೊಳಗಿದ್ದರೆ ಭಕ್ತ ಹೊರಗಿರುತ್ತಾನೆ, ನಡುವೆ ಪೂಜಾರಿ. ಯಾರು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಹುಟ್ಟು ತೀರ್ಮಾನಿಸುತ್ತದೆ. ಕೀಳೆಂದು ಎಣಿಸಿದ ಕುಲದಲ್ಲಿ ಹುಟ್ಟಿದ ಡೋಹರ ಕಕ್ಕಯ್ಯನಂಥ ಶರಣರಿಗೆ ಅಂಗಳವೂ ದೂರವೇ. ಮೈಮೇಲೆ ಧರಿಸಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತಾನೇ ಪೂಜಿಸುವ ಕ್ರಮ ಈ ಏರ್ಪಾಟನ್ನೇ ಅನಗತ್ಯವಾಗಿಸಿತು. ತಾನು ಉಣ್ಣಬೇಕಾದ ಊಟವನ್ನು, ತನ್ನ ದಾಂಪತ್ಯದ ಸುಖವನ್ನು ಇನ್ನೊಬ್ಬರ ಕೈಲಿ ಮಾಡಿಸಲಾಗದ ಹಾಗೆ ಪೂಜೆಯನ್ನೂ ಮಾಡಿಸಲಾಗದು ಎಂಬುದು ಬಸವಣ್ಣನ ವಾದ. ಪೂಜಾವಿಧಿಯ ಬಗ್ಗೆ ಆಡಿದ ಈ ಮಾತಿನಲ್ಲಿ ಅಧಿಕಾರದ ಬಗೆಗಿನ ಒಂದು ನಿಲುವೂ ಇದೆ. ಬದುಕಿನಲ್ಲಿ ಅತ್ಯಂತ ಮುಖ್ಯವಾದುದನ್ನು ಪ್ರತಿನಿಧಿಗೆ ವಹಿಸುವಂತಿಲ್ಲ. ವಹಿಸಿದ ಕೂಡಲೇ ಅದು ಕೈತಪ್ಪಿ ಹೋಗುತ್ತದೆ. ಅತಿ ದೊಡ್ಡ ಸಂಬಂಧವೇ ಮಧ್ಯವರ್ತಿಯಿಲ್ಲದೆ ನಡೆಯುವುದಾದರೆ ಉಳಿದ ಸಂಬಂಧಗಳಲ್ಲಿನ ಯಜಮಾನಿಕೆಗೆ ಯಾವ ಆಧಾರ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅದನ್ನು ಎತ್ತಿದವರಲ್ಲಿ ಮುಂದೆ ನಿಂತವರು ಹೆಂಗಸರು.

ಹೆಣ್ಣನ್ನು ಬಾಲ್ಯದಲ್ಲಿ ತಂದೆ, ಯೌವನದಲ್ಲಿ ಗಂಡ, ಮುಪ್ಪಿನಲ್ಲಿ ಮಗ ಕಾಯಬೇಕು, ಆಕೆ ಸ್ವಾತಂತ್ರ್ಯಕ್ಕೆ ತಕ್ಕವಳಲ್ಲ ಎಂಬುದು ಮನುಸ್ಮೃತಿಯ ವಿಧಿ. ಉಡುತಡಿಯ ಅಕ್ಕಮಹಾದೇವಿ ಈ ಮೂವರನ್ನೂ ದಾಟಿ ನಡೆದವಳು. ಆಕೆಯ ಮದುವೆಯ ವಿಷಯದಲ್ಲಿ ಕವಿಗಳಿಗೆ ಒಮ್ಮತವಿಲ್ಲ. ಹರಿಹರನ ರಗಳೆಯಲ್ಲಿ ಆಕೆ ಅರಸ ಕೌಶಿಕನನ್ನು ಮದುವೆಯಾಗುತ್ತಾಳೆ, ಆದರೆ ಷರತ್ತು ಹಾಕಿ: ತನ್ನ ಪೂಜೆಗೆ, ಶರಣರ ಒಡನಾಟಕ್ಕೆ, ಗುರುಸೇವೆಗೆ ಅಡ್ಡಿ ಬರಬಾರದು. ಷರತ್ತು ಮುರಿದಾಗ ಅರಮನೆ ಬಿಟ್ಟು ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಲೌಕಿಕ ಗಂಡನ ಸೋಂಕಿಲ್ಲದ ಅಕ್ಕ ಬೇಕೆಂದು ಚಾಮರಸನ ಕಥನವನ್ನೇ ಮೆಚ್ಚುವವರಿದ್ದಾರೆ. ಈ ಲೇಖನದ ವಿಷಯಕ್ಕೆ ಹರಿಹರನ ಕಥನವೇ ಹೆಚ್ಚು ಅರ್ಥಪೂರ್ಣ. ಹೆಣ್ಣೊಬ್ಬಳು ಮದುವೆಯೊಳಗೆ ತನಗಾಗಿ ಒಂದು ಆವರಣವನ್ನು ಮೊದಲೇ ಕಾದಿಟ್ಟುಕೊಳ್ಳಬಹುದು, ಗಂಡ ಅದರೊಳಗೆ ನುಗ್ಗಿದರೆ ಸಂಬಂಧವನ್ನು ಕಡಿದುಕೊಳ್ಳಬಹುದು ಎಂದು ಊಹಿಸಿದ ಕವಿ ಸ್ಮೃತಿಕಾರರಿಂದ ಬಹುದೂರ ಬಂದಿದ್ದಾನೆ.

ಬಿಟ್ಟುಹೋಗುವ ಸ್ವಾತಂತ್ರ್ಯ ಎದ್ದುಕಾಣುವಂಥದ್ದು. ಮನೆಯಲ್ಲೇ ಉಳಿದು, ಗಂಡನ ಜೊತೆಗೇ ಬಾಳುತ್ತ ತನ್ನ ವಿವೇಕವನ್ನು ಒತ್ತೆಯಿಡದೆ ಇರುವುದು ಅದಕ್ಕಿಂತ ಕಷ್ಟ. ಆಯ್ದಕ್ಕಿ ಲಕ್ಕಮ್ಮನ ಮಹತ್ವ ಇರುವುದು ಇಲ್ಲಿ. ಆಕೆಯ ಗಂಡ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಂಥ ಆಸೆ ಅರಸರಿಗಿದ್ದರೆ ಇರಲಿ, ಭಕ್ತರ ಮನೆಗೆ ಸಲ್ಲದು ಎಂದು ಆಕೆ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು. ಗೋಷ್ಠಿಯ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕ ನಿಂತುಹೋಗಿದೆ, ಏಳು ಎಂದು ನೆನಪಿಸಿದವಳೂ ಅವಳೇ. ಗಂಡನಿಗೆ ಸಲ್ಲಿಸುವ ಗೌರವದ ಮಾತನ್ನು ಬಿಡದೆಯೇ ಆಕೆ ತೀರ್ಪು ಕೊಡುತ್ತಾಳೆ, ಆತ ಅದನ್ನು ಒಪ್ಪುತ್ತಾನೆ. ಇಬ್ಬರಲ್ಲಿ ಯಾರ ಮಾತು ನಡೆಯಬೇಕೆಂಬುದು ಅಲ್ಲಿ ಗಂಡು ಹೆಣ್ಣೆಂಬುದರಿಂದ ನಿರ್ಧಾರವಾಗುವುದಿಲ್ಲ. ಯಾರ ಕಣ್ಣಿಗೆ ಸರಿ ಕಾಣುತ್ತಿದೆಯೋ ಅವರ ಮಾತು ನಡೆಯುತ್ತದೆ. ಕೈಲಾಸಕ್ಕೆ ಹೋಗುವ ಮಾತೆತ್ತಿದ ಮೋಳಿಗೆ ಮಾರಯ್ಯನನ್ನು ತಿದ್ದಿದ ಆತನ ಹೆಂಡತಿ ಮಹಾದೇವಿ, ಸಂಗಮಕ್ಕೆ ಬಾ ಎಂದು ಬಸವಣ್ಣನೇ ಕರೆಕಳಿಸಿದಾಗ ಅಲ್ಲಿರುವ ದೇವರು ಇಲ್ಲಿಲ್ಲವೇ ಎಂದು ಕೇಳಿದ ಆತನ ಹೆಂಡತಿ ನೀಲಾಂಬಿಕೆ ಇದೇ ಸಾಲಿನವರು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ತೊಡಕನ್ನು ಮರೆಮಾಚಬಾರದು. ಶರಣ ಸತಿ, ಲಿಂಗ ಪತಿ ಎಂಬ ಭಾವ ವಚನಗಳಲ್ಲಿ ಎಲ್ಲೆಡೆ ಹರಡಿದೆ. ಗಂಡಸರೂ ಅಲ್ಲಿ ಹೆಂಡತಿಯರೇ. ಆದರೂ ಆದರ್ಶವಾಗಿ ಎತ್ತಿಕೊಂಡದ್ದು ಪತಿವ್ರತೆಯನ್ನು, ಪ್ರಶ್ನಿಸದೆ ಒಲಿದವಳನ್ನು. ಅಕ್ಕನ ಪ್ರತಿಭಟನೆ ಕೂಡ ನಿಜವಾದ ಗಂಡ ಬೇರೊಬ್ಬನಿದ್ದಾನೆ ಎಂಬ ರೂಪದಲ್ಲಿ ಬರುತ್ತದೆಯೇ ಹೊರತು ಗಂಡನೇ ಬೇಡವೆಂಬ ರೂಪದಲ್ಲಲ್ಲ. ಒಳಗಿರುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ಮತ್ತು ಗೊಗ್ಗವ್ವೆಯ ವಚನಗಳು ಈ ರೂಪಕದ ಹಿಡಿತವನ್ನು ಸಡಿಲಿಸುತ್ತವೆ, ಪೂರ್ತಿ ಬಿಡಿಸುವುದಿಲ್ಲ. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರಲ್ಲಿ ಹಲವರ ಅಂಕಿತದೊಳಗೇ ಗಂಡನ ಹೆಸರು ಸೇರಿದೆ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ, ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ.

ದುಡಿಮೆಗೆ ಶರಣರು ಕೊಟ್ಟ ಸ್ಥಾನ ಇಂದು ಎಲ್ಲರಿಗೂ ಗೊತ್ತು, ಆದರೆ ಗೊತ್ತಿರುವ ರೀತಿಯಲ್ಲಿ ಏನೋ ಕಳೆದುಹೋಗಿದೆ. ಕಾಯಕದ ಮಹಿಮೆಯನ್ನು ಸಾರುವ ಫಲಕ ಕಚೇರಿಗಳ ಗೋಡೆಯ ಮೇಲೆ ತೂಗಿದಾಗ ಅದು ಕೆಲಸಗಾರನಿಗೆ ಮೇಲಿನವರು ಹೇಳುವ ಬುದ್ಧಿಮಾತಾಗಿ ಬಿಡುತ್ತದೆ: ಬಾಯಿಮುಚ್ಚಿಕೊಂಡು ದುಡಿ. ಆಯ್ದಕ್ಕಿ ಮಾರಯ್ಯನ ವಚನದ ದಿಕ್ಕು ಬೇರೆ. ಕಾಯಕದಲ್ಲಿ ತೊಡಗಿದಾಗ ಗುರು ಬಂದರೂ, ಪೂಜೆಯ ಹೊತ್ತಾದರೂ, ಜಂಗಮ ಎದುರಿಗೆ ನಿಂತರೂ ಮರೆಯಬೇಕು ಎನ್ನುತ್ತಾನೆ ಆತ. ಮತದೊಳಗೇ ಅತಿ ಪೂಜ್ಯವಾದ ಮೂರನ್ನು ದುಡಿಯುವವನ ಏಕಾಗ್ರತೆಯ ಮುಂದೆ ಕಾಯಿಸಿ ನಿಲ್ಲಿಸುವ ಮಾತಿದು. ಇದರಲ್ಲಿ ಒಡೆಯನಿಗೆ ಅನುಕೂಲವಾದದ್ದು ಏನೂ ಇಲ್ಲ. ನುಲಿಯ ಚಂದಯ್ಯನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿತ್ತು, ಆತ ತಿರುಗಿ ನೋಡಲಿಲ್ಲ. ಲಿಂಗವೇ ಬೆನ್ನುಹತ್ತಿ ಬೇಡಿತು. ಮಡಿವಾಳ ಮಾಚಯ್ಯ ನಡುವೆ ಬಂದು ಮಾತಾಡಿ, ಲಿಂಗ ಹಗ್ಗ ಮಾರುವ ಕೆಲಸಕ್ಕೆ ಒಪ್ಪಿದ ಮೇಲೆ ಚಂದಯ್ಯ ಅದನ್ನು ಸ್ವೀಕರಿಸಿದ. ದೇವರೂ ದುಡಿಯಬೇಕು, ದುಡಿಯದ ದೇವರಿಗೆ ದುಡಿಯುವವನ ಮೇಲೆ ಹಕ್ಕಿಲ್ಲ ಎಂಬ ಧೈರ್ಯ ಈ ಕಥೆಯಲ್ಲಿದೆ.

ಕಾಯಕಕ್ಕೆ ಶರಣರು ಹಾಕಿದ ಕಟ್ಟಳೆಗಳೂ ದುಡಿಯುವವರ ಕಡೆಯಿಂದಲೇ ಬಂದವು. ದಿನದ ಅಗತ್ಯಕ್ಕೆ ತಕ್ಕಷ್ಟು ಗಳಿಸಬೇಕು, ಮಿಕ್ಕಿದ್ದು ದಾಸೋಹಕ್ಕೆ. ಸೂಳೆ ಸಂಕವ್ವೆಯದೆಂದು ಒಂದೇ ಒಂದು ವಚನ ಸಿಕ್ಕಿದೆ. ಒಬ್ಬನಿಂದ ಮುಂಗಡ ಪಡೆದ ಮೇಲೆ ಇನ್ನೊಬ್ಬನ ಹಣ ಮುಟ್ಟುವುದಿಲ್ಲ ಎಂದು ಆಕೆ ಅದರಲ್ಲಿ ಹೇಳುತ್ತಾಳೆ. ಲೋಕ ಕೀಳೆಂದು ಕರೆದ ವೃತ್ತಿಯೊಳಗೂ ತನ್ನ ನಿಯಮವನ್ನು ತಾನೇ ರೂಪಿಸಿಕೊಂಡು ಅದಕ್ಕೆ ಬದ್ಧಳಾಗಿ ನಿಂತ ಹೆಂಗಸಿನ ಮಾತು ಅದು. ಸ್ವಾಧೀನತೆಯೆಂದರೆ ಕಟ್ಟಳೆಯೇ ಇಲ್ಲದಿರುವುದು ಎಂದು ತಿಳಿದವರು ಈ ಒಂದು ವಚನವನ್ನು ಓದಬೇಕು. ಇನ್ನೊಂದು ತುದಿಯಲ್ಲಿ ಬಸವಣ್ಣ. ಆತ ಕಲಚುರಿ ಬಿಜ್ಜಳನ ಭಂಡಾರಿ, ಅರಸನ ಸಂಬಳದವನು. ತಾನು ಕೂಡಲಸಂಗಮನಿಗೆ ಮಾತ್ರ ಅಂಜುವವನು, ಬಿಜ್ಜಳನಿಗಲ್ಲ ಎಂದು ಆತ ಹೇಳಿಕೊಳ್ಳಬೇಕಾಗಿ ಬಂದದ್ದೇ ಆ ನೌಕರಿಯ ಇಕ್ಕಟ್ಟನ್ನು ತೋರಿಸುತ್ತದೆ. ಅಕ್ಕಿ ಆಯುವ ಮಾರಯ್ಯನಿಗಿದ್ದ ನಿರಾಳ ಅರಸನ ಭಂಡಾರಿಗೆ ಇರಲಿಲ್ಲ.

ಕಾಯಕವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಷ್ಟಿತ್ತು ಎಂಬುದು ಬೇರೆಯೇ ಪ್ರಶ್ನೆ. ಕಾಶ್ಮೀರದ ಅರಸನಾಗಿದ್ದನೆಂದು ಹೇಳುವ ಮೋಳಿಗೆ ಮಾರಯ್ಯ ಕಟ್ಟಿಗೆ ಮಾರುವವನಾದ. ಆದರೆ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ ತಮ್ಮ ಕುಲದ ಕಸುಬಿನ ಹೆಸರನ್ನೇ ಹೊತ್ತು ಉಳಿದರು. ವೃತ್ತಿಗಳ ನಡುವಿನ ಮೇಲುಕೀಳನ್ನು ಶರಣರು ಅಳಿಸಿದರು. ವೃತ್ತಿಯನ್ನು ಬದಲಿಸುವ ದಾರಿಯನ್ನು ಅಷ್ಟೇ ಅಗಲವಾಗಿ ತೆರೆದರೆಂದು ಹೇಳಲು ಆಧಾರ ಸಾಲದು.

ಕಲಿಕೆಯಲ್ಲಿ ಶರಣರ ಸಾಧನೆ ಬಹುಶಃ ಎಲ್ಲಕ್ಕಿಂತ ದೊಡ್ಡದು. ಭಕ್ತನನ್ನು ಕಾಯುವ ಎಂಟು ಆವರಣಗಳಾದ ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನ. ಆದರೂ ಗುರು ಮಾಡುವ ಕೆಲಸ ಲಿಂಗವನ್ನು ಶಿಷ್ಯನ ಅಂಗೈಗೆ ಇಟ್ಟು ಪಕ್ಕಕ್ಕೆ ಸರಿಯುವುದು. ಆಮೇಲಿನ ದಾರಿ ಶಿಷ್ಯನದು. ಕಲಿಯುವವರ ಭಾಷೆ ಕನ್ನಡವಾದ್ದರಿಂದ ಸಂಸ್ಕೃತ ಬಲ್ಲವರ ಮುಂದೆ ಕೈಕಟ್ಟಿ ನಿಲ್ಲುವ ಅಗತ್ಯ ಬೀಳಲಿಲ್ಲ. ಶರಣರು ಸೇರಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪ ಕಟ್ಟಡವಾಗಿ, ಸಂಸ್ಥೆಯಾಗಿ ಹೇಗಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅಲ್ಲಿ ನಡೆದವೆಂದು ಶೂನ್ಯಸಂಪಾದನೆ ಕಟ್ಟಿಕೊಡುವ ಸಂವಾದಗಳ ಗುಣದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಕೂತ ಮುಕ್ತಾಯಕ್ಕನ ಬಳಿಗೆ ಅಲ್ಲಮಪ್ರಭು ಬರುತ್ತಾನೆ. ಆತ ಎಲ್ಲರೂ ತಲೆಬಾಗುವ ಜ್ಞಾನಿ. ಆಕೆ ತಲೆಬಾಗುವುದಿಲ್ಲ. ತನ್ನ ಅಣ್ಣನೇ ತನಗೆ ಗುರು ಎನ್ನುತ್ತಾಳೆ, ಅರಿತವನು ಮಾತಾಡುವುದೇಕೆ ಎಂದು ಅಲ್ಲಮನ ಮಾತುಗಾರಿಕೆಯನ್ನೇ ಪ್ರಶ್ನಿಸುತ್ತಾಳೆ. ಒಂದೊಂದು ಉತ್ತರವನ್ನೂ ತಿರುಗಿಸಿ ಮುರುಗಿಸಿ ನೋಡಿ, ತನಗೆ ತಿಳಿವಾದ ಮೇಲೆ ಮಾತ್ರ ಒಪ್ಪುತ್ತಾಳೆ. ಅಲ್ಲಮ ಸಿಟ್ಟಾಗುವುದಿಲ್ಲ, ತನ್ನ ಹಿರಿತನವನ್ನು ವಾದವಾಗಿ ಬಳಸುವುದಿಲ್ಲ. ಗುರುಶಿಷ್ಯ ಸಂಬಂಧ ಹೇಗಿರಬೇಕೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಉತ್ತಮ ಮಾದರಿಯನ್ನು ಹುಡುಕುವುದು ಕಷ್ಟ.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅದೇ ಅಲ್ಲಮ ಆಕೆಯನ್ನು ನಿಷ್ಠುರವಾಗಿ ಪರೀಕ್ಷಿಸುತ್ತಾನೆ. ಗಂಡ ಯಾರೆಂದು ಕೇಳುತ್ತಾನೆ, ದೇಹದ ಹಂಗು ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎನ್ನುತ್ತಾನೆ. ತುಂಬಿದ ಸಭೆಯಲ್ಲಿ ಒಂಟಿ ಹೆಣ್ಣನ್ನು ಹೀಗೆ ಕೇಳಿದ್ದು ಇಂದಿನ ಓದುಗರಿಗೆ ಕಿರಿಕಿರಿಯಾಗುತ್ತದೆ, ಆಗಬೇಕಾದ್ದೇ. ಆಕೆಯ ಉತ್ತರಗಳು ಸಭೆಯ ಮನ್ನಣೆ ಪಡೆದವು. ಆ ಮನ್ನಣೆಗಾಗಿ ಗಂಡಸು ತೆರಬೇಕಾಗಿರದ ಬೆಲೆಯನ್ನು ಆಕೆ ತೆರಬೇಕಾಯಿತು ಎಂಬುದೂ ದಾಖಲಾಗಿ ಉಳಿದಿದೆ. ವಯಸ್ಸಿನ ಅಧಿಕಾರವನ್ನು ಮಾತ್ರ ಈ ಬಳಗ ಸಲೀಸಾಗಿ ಕಳಚಿಹಾಕಿತು. ಸೊನ್ನಲಿಗೆಯಲ್ಲಿ ಕೆರೆ ಗುಡಿಗಳನ್ನು ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮ ದೀಕ್ಷೆ ಪಡೆದದ್ದು ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ.

ವ್ಯಕ್ತಿ ಹೀಗೆ ಗಂಡನಿಂದ, ಒಡೆಯನಿಂದ, ಗುರುವಿನಿಂದ ಬಿಡಿಸಿಕೊಂಡು ನಿಂತಾಗ ಅವನನ್ನು ಹಿಡಿದದ್ದು ಬಳಗ. ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಶಿವನಿಂದೆಯನ್ನು, ಆಚಾರದ ಲೋಪವನ್ನು ಸಹಿಸದಿರುವುದು ಅದರ ತಿರುಳು. ಲಿಂಗವಿಲ್ಲದ ಭವಿಯ ಜೊತೆ ಕೊಡುಕೊಳೆ, ಊಟ ಸಲ್ಲದೆಂಬ ಮಾತು ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಕ್ಕಮ್ಮ ಎಂಬ ವಚನಕಾರ್ತಿಯಲ್ಲಂತೂ ವ್ರತನಿಷ್ಠೆ ಬಹು ಬಿಗಿಯಾಗಿದೆ. ಹಳೆಯ ಕಟ್ಟುಗಳನ್ನು ಮುರಿದು ಹೊರಬಂದವರಿಗೆ ಒಬ್ಬರನ್ನೊಬ್ಬರು ಹಿಡಿದು ನಿಲ್ಲುವ ಅಗತ್ಯ ಎಷ್ಟಿತ್ತೆಂಬುದು ಬೇಗನೆ ತಿಳಿಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ, ಸಂಪ್ರದಾಯ ಹೇಳುವಂತೆ, ಬಿಜ್ಜಳ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದ. ಅದರ ಹಿಂದೆಯೇ ಬಿಜ್ಜಳನ ಕೊಲೆ, ಶರಣರ ಚದುರುವಿಕೆ, ಚೆನ್ನಬಸವಣ್ಣ ಮುಂದಾಗಿ ಉಳವಿಯ ಕಡೆಗೆ ನಡೆದ ಪಯಣ. ಯಾರನ್ನು ಮದುವೆಯಾಗಬೇಕೆಂಬ ನಿರ್ಧಾರ ಖಾಸಗಿಯಲ್ಲ, ರಾಜ್ಯವನ್ನೇ ಅಲುಗಿಸುವಂಥದ್ದು ಎಂದು ಕಲ್ಯಾಣ ತಿಳಿದುಕೊಂಡದ್ದು ರಕ್ತ ಹರಿಸಿ.

ಮುಂದಿನ ಶತಮಾನಗಳಲ್ಲಿ ಮಠಗಳು ಬೆಳೆದವು, ಒಳಪಂಗಡಗಳು ಹುಟ್ಟಿದವು, ಗುರುವಿನ ಸ್ಥಾನ ಮತ್ತೆ ಎತ್ತರಕ್ಕೇರಿತು. ಉಪನಯನವನ್ನು ಒಲ್ಲೆನೆಂದು ಬಾಲಕ ಬಸವಣ್ಣ ಮನೆ ಬಿಟ್ಟನೆಂಬ ಕಥೆಯನ್ನು ಭಕ್ತಿಯಿಂದ ಹೇಳುವ ಸಮುದಾಯದಲ್ಲಿ ಹಸುಗೂಸಿಗೇ ಲಿಂಗ ಕಟ್ಟುವ ರೂಢಿ ಬಂತು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚುಮಾಡಿಸಿದ ಮೇಲೆ ಮಠದ ಓಲೆಗರಿಗಳಲ್ಲಿದ್ದ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದವು. 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಲಕ್ಕಮ್ಮ, ಸಂಕವ್ವೆ, ಮುಕ್ತಾಯಕ್ಕ ಏನು ಹೇಳಿದರೆಂಬುದನ್ನು ಈಗ ಯಾರ ಅನುಮತಿಯನ್ನೂ ಕೇಳದೆ ಓದಬಹುದು, ಅವರು ಹೇಳಿದ್ದಕ್ಕೂ ಅವರ ಹೆಸರಿನಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ಅಳೆಯಬಹುದು.